ಅತ್ತೆಯ ಒಂದೇ ಕೂಗು

ಎದುರು ಓಣಿಯಲ್ಲಿ ತಗಡಿನ ಪೆಟ್ಟಿಗೆ ಮಾಡುವವನು ಬೆಳಗಿನ ಮೊದಲ ಏಟು ಹಾಕಿದ. ಟಣ್. ಮೆತ್ತಗಿತ್ತು. ಎರಡನೆಯದೂ ಹಾಗೆಯೇ. ಐದಾರು ಏಟುಗಳವರೆಗೆ ಅವನ ಸುತ್ತಿಗೆಗೆ ಇನ್ನೂ ನಿದ್ದೆಗಣ್ಣು. ಆಮೇಲೆ ಭುಜ ಬಿಸಿಯಾಗಿ, ಇದ್ದಕ್ಕಿದ್ದಂತೆ ಒಂದು ಏಟು ಪೂರಾ ಬೀಳುತ್ತದೆ. ಓಣಿಯ ಕಿಟಕಿಗಳ ಗಾಜು ಒಮ್ಮೆ ಸಣ್ಣಗೆ ನಡುಗುತ್ತದೆ. ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದ ಮೆಲ್ಲಕ್ಕ ಆ ಏಟಿಗಾಗಿ ಕಾಯುತ್ತಿದ್ದಳು. ದಿನವೂ ಕಾಯುತ್ತಾಳೆ. ಯಾರೇ ಆಗಲಿ ಮೊದಲು ಕೊಡುವ ಸದ್ದು ಅವರ ನಿಜವಾದ ಸದ್ದಲ್ಲ. ಅದನ್ನು ನಂಬಿ ಮೈಕಿನ ಮಟ್ಟ ಇಟ್ಟರೆ ಕೆಟ್ಟೆವು. ಸ್ಟುಡಿಯೋದಲ್ಲಿ ಧ್ವನಿ ಹಿಡಿಯುವ ಹತ್ತೊಂಬತ್ತು ವರ್ಷದ ಕಸುಬಿನಲ್ಲಿ ಅವಳು ಕಲಿತ ಮೊದಲ ಪಾಠ ಅದು. ಪೆಟ್ಟಿಗೆಯವನು ಅದನ್ನು ದಿನಾ ಪುಕ್ಕಟೆ ಓದಿಸುತ್ತಿದ್ದ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವಳ ಗಂಡ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬೂಟಿನ ಲೇಸ್ ಕಟ್ಟುತ್ತಿದ್ದ. ಒಂದು ಬೂಟಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ಒಂದೇ ಸಲ," ಅಂದ.

"ಗೊತ್ತು ರೀ."

"ನಿರ್ದೇಶಕರು ಇನ್ನೊಂದು ಅಂದ್ರೆ?"

"ಅನ್ನಲ್ಲ."

"ಅವರನ್ನ ಬಿಡು. ಅಮ್ಮನೇ ಅಂದ್ರೆ?"

ಮೆಲ್ಲಕ್ಕ ಒಲೆ ಆರಿಸಿದಳು.

"ನೀನಿದೀಯ ಅಂತ ಕಳಿಸ್ತಿದೀನಿ. ಇಲ್ದಿದ್ರೆ ರೂಮಿಗೆ ಬೀಗ ಹಾಕಿ ಕೀಲಿ ಕಿಸೇಲಿಟ್ಕೊಂಡು ಡಿಪೋಗೆ ಹೋಗ್ತಿದ್ದೆ."

ಒಳಕೋಣೆಯಿಂದ ಸ್ಟೀಲ್ ಲೋಟವನ್ನು ಮೇಜಿಗೆ ಮೂರು ಸಲ ಕುಟ್ಟಿದ ಸದ್ದು ಬಂತು. ಅತ್ತೆ ಕೇಳಿಸಿಕೊಂಡಿದ್ದರು. ಒಂದು ವಾರದಿಂದ ಅವರು ಮಾತಾಡುವಂತಿರಲಿಲ್ಲ. ಹಾಗಾಗಿ ಲೋಟ ಬೈಯುತ್ತಿತ್ತು.

ಗಂಟಲಿನ ಡಾಕ್ಟರು ತೋರಿಸಿದ ಚಿತ್ರದಲ್ಲಿ ಅತ್ತೆಯ ಧ್ವನಿಪಟ್ಟಿಯ ಅಂಚಿಗೆ ಸಾಸಿವೆಯಷ್ಟು ಕೆಂಪು ಗುಳ್ಳೆ ಕೂತಿತ್ತು. ನಾಡಿದ್ದು ಆಪರೇಷನ್. ಅದುವರೆಗೆ ಮಾತಿಲ್ಲ, ಪಿಸುಮಾತಂತೂ ಇಲ್ಲವೇ ಇಲ್ಲ. ಕೂಗಿದರೆ ಗುಳ್ಳೆ ಒಡೆದು ರಕ್ತ ಕಟ್ಟಿಕೊಳ್ಳಬಹುದು. ಆಮೇಲೆ ಕೊಯ್ದರೂ ಈಗಿನ ಧ್ವನಿ ವಾಪಸು ಬರುತ್ತದೆಂದು ಹೇಳಲಾಗದು. "ಒಂದೇ ಒಂದು ಕೂಗು?" ಎಂದು ಅತ್ತೆ ಆವತ್ತು ಡಾಕ್ಟರ ಎದುರೇ ಗಿಂಜಿಕೊಂಡಿದ್ದರು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹೇಳಿದ್ದರು: "ನಾನು ಹೂಂ ಅನ್ನಲ್ಲ. ಎರಡನೇದು ಕೂಗಿದ್ರೆ ನನ್ನ ಹತ್ರ ಬರೋದೇ ಬೇಡ."

ಇಷ್ಟಕ್ಕೆಲ್ಲ ಕಾರಣ ರೇಡಿಯೋದ ಒಂದು ಧಾರಾವಾಹಿ ನಾಟಕ. ಮೂವತ್ತೊಂಬತ್ತು ಕಂತು ಆಗಿತ್ತು. ನಲವತ್ತನೆಯದರಲ್ಲಿ ತಾಯಿ ಉಕ್ಕಿದ ನದಿಯ ಈ ದಡದಲ್ಲಿ ನಿಂತು, ಆಚೆ ದಡದಿಂದ ನೀರಿಗಿಳಿಯುತ್ತಿರುವ ಮಗನಿಗೆ "ದಾಟಬೇಡಾ" ಎಂದು ಕೂಗಬೇಕು. ಆ ತಾಯಿ ಅತ್ತೆ. ಉಳಿದ ಮಾತೆಲ್ಲ ಧ್ವನಿಮುದ್ರಣವಾಗಿತ್ತು, ಆ ಒಂದು ಶಬ್ದ ಬಿಟ್ಟು. ಬೇರೆ ಯಾರಿಂದಾದರೂ ಕೂಗಿಸೋಣ ಎಂದು ನಿರ್ದೇಶಕರು ಸೂಚಿಸಿದಾಗ, ಇನ್ನೂ ಮಾತಾಡುತ್ತಿದ್ದ ಅತ್ತೆ ಹೇಳಿದ್ದರು: "ಮೂವತ್ತೊಂಬತ್ತು ವಾರ ನಾನು ಸಾಕ್ತೀನಿ. ನೀರಿಗಿಳಿಯೋವಾಗ ಬೇರೆಯೋಳು ಬಂದು ಕರೀತಾಳಾ?"

*

ಮೆಲ್ಲಕ್ಕ ಎಂಬುದು ತಾಯಿ ತಂದೆ ಇಟ್ಟ ಹೆಸರಲ್ಲ. ಅವಳ ಅಪ್ಪ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದರು. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು, ವಾಪಸು ಬಂದ ಸ್ಪೀಕರುಗಳಿಗೆ ಕಿವಿಕೊಟ್ಟು, ಯಾವುದರ ಒಳಪೊರೆ ಹರಿದಿದೆ ಎಂದು ಬೆರಳಲ್ಲಿ ತಟ್ಟಿ ಹೇಳುತ್ತಿದ್ದಳು. ಬಾಡಿಗೆಗೆ ಒಯ್ಯುವವರಿಗೆಲ್ಲ "ಮೆಲ್ಲಗೆ ಹಚ್ಚಿ, ಮೆಲ್ಲಗೆ" ಎಂದು ಹೇಳಿ ಹೇಳಿ, ಸ್ಟುಡಿಯೋಗೆ ಕೆಲಸಕ್ಕೆ ಬರುವಷ್ಟರಲ್ಲಿ ಆ ಮಾತು ಹೆಸರಾಗಿ ಅವಳ ಬೆನ್ನಿಗೆ ಅಂಟಿಕೊಂಡಿತ್ತು.

ಅತ್ತೆ ಸಿಕ್ಕಿದ್ದೂ ಸ್ಟುಡಿಯೋದಲ್ಲೇ. ಆಗ ಅವರು ಅತ್ತೆಯಲ್ಲ. ಬೊಬ್ಬೆ, ಗೋಳು, ಜಗಳ, ಹೆರಿಗೆ, ಬೆಂಕಿ ಬಿದ್ದ ಮನೆ ಇವೆಲ್ಲಕ್ಕೂ ಕರೆಸಿಕೊಳ್ಳುವ ಹೆಂಗಸು. ಅವರು ಬಂದರೆಂದರೆ ಹಳೆಯ ರೆಕಾರ್ಡಿಸ್ಟ್ ತಲೆನೋವಿನ ಮಾತ್ರೆ ನುಂಗಿಯೇ ಕೂರುತ್ತಿದ್ದ. ಒಂದು ದಿನ ಅವನು ರಜೆ ಹಾಕಿ, ಮೆಲ್ಲಕ್ಕ ಕೂತಳು. ಬೊಬ್ಬೆಯ ದೃಶ್ಯಕ್ಕೆ ಮೊದಲು ಎದ್ದು ಒಳಗೆ ಹೋಗಿ, ನೆಲದ ಮೇಲೆ ಎರಡು ಕಡೆ ಅಂಟುಪಟ್ಟಿ ಹಚ್ಚಿದಳು. "ಅಮ್ಮ, ಮಾತಾಡೋವಾಗ ಈ ಪಟ್ಟಿ ಮೇಲೆ. ಕೂಗೋವಾಗ ಎರಡು ಹೆಜ್ಜೆ ಹಿಂದೆ, ಈ ಪಟ್ಟಿ ಮೇಲೆ. ಮುಖ ಒಂಚೂರು ಪಕ್ಕಕ್ಕೆ. ಆಮೇಲೆ ಎಷ್ಟು ಬೇಕಾದ್ರೂ ಕೂಗಿ, ನಾನು ಹಿಡೀತೀನಿ." ಅಲ್ಲಿಯವರೆಗೆ ಅವರಿಗೆ ಕಡಿಮೆ ಮಾಡಿ ಎಂದವರೇ ಎಲ್ಲ, ಎಷ್ಟು ಬೇಕಾದರೂ ಎಂದವಳು ಇವಳೊಬ್ಬಳು. ಆರು ತಿಂಗಳಲ್ಲಿ ಅವರು ಮಗನಿಗೆ ಹೆಣ್ಣು ಕೇಳಲು ಮೈಕ್ ಅಂಗಡಿಗೆ ಬಂದರು. "ನನ್ನ ಕೂಗು ತಡ್ಕೊಳ್ಳೋ ಸೊಸೆ ಸಿಕ್ಕಿದ್ದಾಳೆ, ಇನ್ನು ಮಗ ಹೇಗಿದ್ರೂ ನಡೆಯತ್ತೆ," ಎಂದು ಬೀಗರ ಎದುರೇ ಹೇಳಿದ್ದನ್ನು ಆ ಮಗ ಇವತ್ತಿಗೂ ಮರೆತಿಲ್ಲ.

ಅತ್ತೆಯ ಕೂಗನ್ನು ಕಡಿಮೆ ಮಾಡಿ ಸಂಬಳ ತೆಗೆದುಕೊಳ್ಳುವ ಸೊಸೆ ಲೋಕದಲ್ಲಿ ಇವಳೊಬ್ಬಳೇ ಎಂದು ಸ್ಟುಡಿಯೋದವರು ಛೇಡಿಸುತ್ತಾರೆ. ಮೆಲ್ಲಕ್ಕ ನಗುತ್ತಾಳೆ, ತಿದ್ದುವುದಿಲ್ಲ. ಅವಳು ಕಡಿಮೆ ಮಾಡಿದ್ದೇ ಇಲ್ಲ. ಧ್ವನಿ ಹಿಡಿಯುವ ಪೆಟ್ಟಿಗೆಯ ಗುಂಡಿಯ ಸುತ್ತ, ಒಂದು ಜಾಗದಲ್ಲಿ, ಉಗುರುಬಣ್ಣದ ಬಿಳಿ ಚುಕ್ಕೆ ಇದೆ. ಅತ್ತೆ ಕೂಗುವಾಗ ಗುಂಡಿ ಅಲ್ಲಿರಬೇಕು. ಅದಕ್ಕಿಂತ ಮೇಲೆ ಹೋದರೆ ಸದ್ದು ಒಡೆಯುತ್ತದೆ. ಒಡೆದ ಸದ್ದು ಹರಿದ ಬಟ್ಟೆಯ ಹಾಗೆ: ಹೊಲಿಯಬಹುದು, ಹೊಸದು ಮಾಡಲಾಗದು. ಹದಿನೆಂಟು ವರ್ಷದಿಂದ ಆ ಚುಕ್ಕೆ ಅಲುಗಿಲ್ಲ.

ಆದರೆ ಗುಂಡಿ ಅಲುಗತೊಡಗಿತ್ತು. ಮಾತು ನಿಲ್ಲಿಸುವ ಮುಂಚಿನ ಮೂರು ವಾರದ ಧ್ವನಿಮುದ್ರಣದಲ್ಲಿ ಅತ್ತೆಯ ಮಾತು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಅವರಿಗೆ ಗೊತ್ತಾಗದ ಹಾಗೆ ಮೆಲ್ಲಕ್ಕ ದಿನಕ್ಕಿಷ್ಟು ಗುಂಡಿಯನ್ನು ಮೇಲಕ್ಕೆ ತಿರುಗಿಸುತ್ತಿದ್ದಳು. ಹೊರಗೆ ಕೇಳುವವರಿಗೆ ತಾಯಿಯ ಧ್ವನಿ ಹಾಗೇ ಇತ್ತು. ಎಷ್ಟು ಇಳಿದಿದೆ ಎಂಬುದು ಅವಳ ಎರಡು ಬೆರಳಿಗೆ ಮಾತ್ರ ಗೊತ್ತಿತ್ತು.

*

ಸ್ಟುಡಿಯೋ ಎಂದರೆ ಎರಡನೇ ಮಹಡಿಯ ಎರಡು ಕೋಣೆ. ಒಳಗಿನದಕ್ಕೆ ಗೋಡೆಯೆಲ್ಲ ಕಂಬಳಿ, ಹೊರಗಿನದಕ್ಕೆ ಯಂತ್ರ. ಎರಡರ ನಡುವೆ ದಪ್ಪ ಗಾಜು. ಹೊರಕೋಣೆಯ ಬಾಗಿಲಿಗೂ ಒಂದು ಗಾಜು, ಅದರಾಚೆ ಕಾರಿಡಾರಿನಲ್ಲಿ ಕಾಯುವವರ ಬೆಂಚು.

ಮಧ್ಯಾಹ್ನ ಎರಡಕ್ಕೆ ಅತ್ತೆ ಚಪ್ಪಲಿ ಬಿಟ್ಟು, ಬಳೆ ತೆಗೆದು, ಕಿವಿಯೋಲೆಯನ್ನೂ ತೆಗೆದು, ಸೊಸೆಯ ಕರ್ಚೀಫಿನಲ್ಲಿ ಗಂಟು ಕಟ್ಟಿ ಅವಳ ಕೈಗೆ ಕೊಟ್ಟು ಒಳಗೆ ಹೋದರು. ಮಗನ ಪಾತ್ರದವನು ಮೊದಲೇ ಒಳಗಿದ್ದ. ಅವನು ಅಂಚೆ ಕಚೇರಿಯ ಗುಮಾಸ್ತ. ಅರ್ಧ ದಿನ ರಜೆ ಹಾಕಿ ಬಂದಿದ್ದ. ಕೂಗು ಮುಗಿದ ಕೂಡಲೇ ಅವನು "ಅಮ್ಮಾ" ಎನ್ನಬೇಕು. ಇಬ್ಬರನ್ನೂ ಒಟ್ಟಿಗೆ ಹಿಡಿಯಿರಿ, ನಡುವೆ ಉಸಿರಾಡುವಷ್ಟೂ ಖಾಲಿ ಬೇಡ ಎಂದು ನಿರ್ದೇಶಕರು ಹಟ ಹಿಡಿದಿದ್ದರು.

ಅಲ್ಲೇ ಮೊದಲ ತೊಡಕು. ಬೊಬ್ಬೆಯ ದೃಶ್ಯವಿದ್ದಾಗ ಮೆಲ್ಲಕ್ಕ ಒಂದೇ ಮೈಕಿನ ಸದ್ದನ್ನು ಎರಡು ದಾರಿಯಲ್ಲಿ ಹಿಡಿಯುತ್ತಾಳೆ: ಒಂದು ಮಾಮೂಲು ಮಟ್ಟದಲ್ಲಿ, ಇನ್ನೊಂದು ತೀರ ಕೆಳಗೆ. ಮೇಲಿನದು ಒಡೆದರೆ ಕೆಳಗಿನದು ಉಳಿದಿರುತ್ತದೆ. ಪೆಟ್ಟಿಗೆಗೆ ಇರುವುದೇ ಎರಡು ದಾರಿ. ಇವತ್ತು ಎರಡನೆಯದನ್ನು ಅಂಚೆಯವನ ಮೈಕಿಗೆ ಕೊಡಬೇಕಾಯಿತು. ಅವನ ಮೈಕು ಕೋಣೆಯ ಆ ಮೂಲೆಯಲ್ಲಿ, ಅತ್ತೆಗೆ ಬೆನ್ನು ಮಾಡಿ ನಿಂತಿತ್ತು.

ಎರಡನೆಯ ತೊಡಕು, ಅಭ್ಯಾಸಕ್ಕೆ ಒಮ್ಮೆ ಕೂಗಿಸಿ ಮಟ್ಟ ನೋಡುವ ಹಾಗಿರಲಿಲ್ಲ.

ಮೆಲ್ಲಕ್ಕ ಗುಂಡಿಯನ್ನು ಬಿಳಿ ಚುಕ್ಕೆಗೆ ತಂದಳು. ಗಾಜಿನಾಚೆ ಅತ್ತೆ ತಾವಾಗಿಯೇ ಹಿಂದಿನ ಪಟ್ಟಿಯ ಮೇಲೆ ನಿಂತಿದ್ದರು. ಬರಿಗಾಲು, ಬರಿಗೈ, ಬರಿಗಿವಿ. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಒಂದು ವಾರದಿಂದ ಗಂಜಿಯಂಥದ್ದನ್ನೇ ತಿಂದು ಮುಖ ಸಣ್ಣಗಾಗಿತ್ತು. ಆ ಮೂರು ವಾರದಲ್ಲಿ ಬೆರಳು ಕಲಿತ ಲೆಕ್ಕ ಅವಳಿಗೆ ನೆನಪಾಯಿತು. ಇಷ್ಟು ಇಳಿದ ಧ್ವನಿ ಕೂಗಿದರೂ ಎಷ್ಟು ಕೂಗೀತು? ಚುಕ್ಕೆಯಲ್ಲೇ ಬಿಟ್ಟರೆ ಕೂಗು ಸಣ್ಣದಾಗಿ ಸಿಗುತ್ತದೆ, ಆಮೇಲೆ ಎತ್ತಿದರೆ ಅದರೊಂದಿಗೆ ಯಂತ್ರದ ಸುಂಯ್ ಸದ್ದೂ ಏಳುತ್ತದೆ. ಇರುವುದು ಒಂದೇ ಕೂಗು.

ಅವಳು ಗುಂಡಿಯನ್ನು ಚುಕ್ಕೆಯಿಂದ ಕಾಲು ಸುತ್ತು ಮೇಲಕ್ಕೆ ತಿರುಗಿಸಿದಳು.

ನಿರ್ದೇಶಕರು ಕೈ ಎತ್ತಿ ಇಳಿಸಿದರು.

ಅತ್ತೆ ಕಣ್ಣು ಮುಚ್ಚಲಿಲ್ಲ. ಉಸಿರು ತುಂಬಿಕೊಂಡಿದ್ದೂ ಕಾಣಲಿಲ್ಲ. ಎದುರಿನ ಕಂಬಳಿ ಗೋಡೆಯನ್ನು, ಅದರಾಚೆ ಏನೋ ಇರುವ ಹಾಗೆ ನೋಡಿದರು. ಆಮೇಲೆ, "ದಾಟಬೇಡಾ—"

ಮೇಜಿನ ಮೇಲಿದ್ದ ಲೋಟದ ನೀರಿನಲ್ಲಿ ಸಣ್ಣದೊಂದು ಬಳೆಯಂಥ ಅಲೆ ಎದ್ದಿತು. ಪೆಟ್ಟಿಗೆಯ ಮೇಲೊಂದು ಕೆಂಪು ದೀಪವಿದೆ. ಸದ್ದು ಮಿತಿ ಮೀರಿದರೆ ಮಿಣುಕಿ ಆರುತ್ತದೆ. ಆವತ್ತು ಹೊತ್ತಿಕೊಂಡದ್ದು ಆರಲೇ ಇಲ್ಲ. ಮೆಲ್ಲಕ್ಕನ ಹೆಡ್‌ಫೋನಿನಲ್ಲಿ ಆ ಶಬ್ದದ ನಡುಭಾಗ ತಗಡು ಸೀಳಿದ ಹಾಗೆ ಸೀಳಿಹೋಯಿತು. ಕೈ ಗುಂಡಿಗೆ ಹೋಗುವಷ್ಟರಲ್ಲಿ ಕೂಗು ಮುಗಿದಿತ್ತು.

ಇದು ಇಳಿದ ಧ್ವನಿಯ ಕೂಗಾಗಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅತ್ತೆ ಇಷ್ಟು ಜೋರಾಗಿ ಕೂಗಿದ್ದೇ ಇರಲಿಲ್ಲ. ವಾರವಿಡೀ ಬಾಯಿ ಮುಚ್ಚಿಕೊಂಡು ಅವರು ಇದನ್ನು ಕೂಡಿಡುತ್ತಿದ್ದರು.

ನಿರ್ದೇಶಕರು ರೋಮ ನಿಮಿರಿದ ತಮ್ಮ ತೋಳು ನೇವರಿಸಿಕೊಳ್ಳುತ್ತಿದ್ದರು. ಅವರು ಕೇಳಿದ್ದು ಸಣ್ಣ ಸ್ಪೀಕರಿನಲ್ಲಿ, ಅದರಲ್ಲಿ ಸೀಳು ಕೇಳುವುದಿಲ್ಲ. "ಆಯ್ತು ಅಮ್ಮ! ಆಯ್ತು! ಇನ್ನೇನೂ ಬೇಡ!" ಎಂದು ಗಾಜಿಗೆ ಕೈಮುಗಿದರು. "ನೋಡಿ ಮೆಲ್ಲಕ್ಕ, ಮೈಯೆಲ್ಲ ಜುಂ ಅಂತು. ನಾನು ಸಂಗೀತದವರ ಹತ್ರ ಹೋಗಿ ನಾಲ್ಕಕ್ಕೆ ಬರ್ತೀನಿ. ಇವತ್ತೇ ಕೇಳಿ ಕಳಿಸಿಬಿಡೋಣ."

ಅಂಚೆಯವನು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ. "ಅಕ್ಕಾ, ನಾನು 'ಅಮ್ಮಾ' ಅನ್ನಲೇ ಇಲ್ಲ. ಬಾಯೇ ಬರ್ಲಿಲ್ಲ. ನಿಜವಾಗ್ಲೂ ಕಾಲು ಹಿಂದಕ್ಕೆ ತಗೊಂಡುಬಿಟ್ಟೆ."

"ಪರವಾಗಿಲ್ಲ. ನಿಂದು ಆಮೇಲೆ ತಗೋತೀನಿ. ಹೊರಗಿರು."

ಆಗ ಎರಡು ಗಂಟೆ ಇಪ್ಪತ್ತು ನಿಮಿಷ.

*

ಅತ್ತೆಗೆ ಒಂದು ಪದ್ಧತಿಯಿದೆ. ತಾವು ಹೇಳಿದ ಸಾಲನ್ನು ಹೆಡ್‌ಫೋನ್ ಹಾಕಿ ಕೇಳದೆ ಅವರು ಸ್ಟುಡಿಯೋ ಬಿಟ್ಟು ಹೋದವರಲ್ಲ. ಸರಿಯಿಲ್ಲದಿದ್ದರೆ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಹೋಗಿ ಪಟ್ಟಿಯ ಮೇಲೆ ನಿಂತುಬಿಡುತ್ತಾರೆ. ಕೂಗು ಒಡೆದಿದೆ ಎಂದು ಗೊತ್ತಾದರೆ ಇವತ್ತೂ ಹಾಗೆಯೇ ನಿಲ್ಲುತ್ತಾರೆ. ಅದರಲ್ಲಿ ಮೆಲ್ಲಕ್ಕನಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ.

ಆಗಲೇ ಕಾರಿಡಾರಿಗೆ ಹೋಗಿದ್ದ ಅತ್ತೆ ಬಾಗಿಲ ಗಾಜಿಗೆ ಒಂದು ಹಾಳೆ ಒತ್ತಿ ಹಿಡಿದರು. ಸಂಭಾಷಣೆಯ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನ ದಪ್ಪ ಅಕ್ಷರ: ಬಂತಾ?

ಮೆಲ್ಲಕ್ಕ ಹೆಬ್ಬೆರಳು ಎತ್ತಿದಳು.

ಹಾಳೆ ಮಗುಚಿತು: ಕೇಳಿಸು.

ಬಾಗಿಲು ಕೊಂಚ ತೆರೆದು, "ತಡೀರಿ ಅತ್ತೆ, ಫ್ಯಾನಿನ ಸದ್ದು ಸೇರ್ಕೊಂಡಿದೆ, ತೆಗೀತೀನಿ," ಅಂದಳು.

ಬರೆಯುವ ಸದ್ದು. ಹಾಳೆ: ಫ್ಯಾನ್ ಆಫ್ ಇತ್ತು.

"ಹಂಗಾದ್ರೆ ಹೊರಗಡೆ ಲಾರಿ ಇರ್ಬೇಕು."

ಅತ್ತೆ ಅವಳ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಬೆಂಚಿಗೆ ಹೋಗಿ ಕೂತರು.

ಮೆಲ್ಲಕ್ಕ ಕೂಗನ್ನು ಪರದೆಯ ಮೇಲೆ ಹಿಗ್ಗಿಸಿದಳು. 'ದಾಟ' ಚೆನ್ನಾಗಿತ್ತು. 'ಬೇ' ಎಂಬಲ್ಲಿ ಅಲೆಗಳ ತಲೆಯೆಲ್ಲ ಕತ್ತಿಯಿಂದ ಸವರಿದಂತೆ ಚಪ್ಪಟೆ. 'ಡಾ'ದ ಬಾಲ ಮತ್ತೆ ನೆಟ್ಟಗೆ. ಒಡೆದ ಸದ್ದನ್ನು ಕೂಡಿಸುವ ಸಲಕರಣೆ ಕಂಪ್ಯೂಟರಿನಲ್ಲೇ ಇದೆ. ಹೋದ ತಲೆಗಳು ಹೀಗಿದ್ದಿರಬಹುದು ಎಂದು ಊಹಿಸಿ ಬಿಡಿಸುತ್ತದೆ. ಒತ್ತಿ ನೋಡಿದಳು. ಸೀಳು ಹೋಯಿತು, ಅತ್ತೆಯೂ ಹೋದರು. ಬಾಚಣಿಗೆಗೆ ಕಾಗದ ಸುತ್ತಿ ಊದಿದ ಹಾಗೆ ಯಾರದೋ ಧ್ವನಿ ಉಳಿಯಿತು. ತೆಗೆದುಹಾಕಿದಳು. ಸ್ವಲ್ಪ ಸ್ವಲ್ಪವೇ ಹಾಕಿ ನೋಡಿದಳು. ಮೂರು ಗಂಟೆಗೆ ಹತ್ತು ನಿಮಿಷವಿತ್ತು.

ಆಗ ಅವಳಿಗೆ ಎರಡನೆಯ ದಾರಿ ನೆನಪಾಯಿತು.

ಅಂಚೆಯವನ ಮೈಕು ದೂರದ ಮೂಲೆಯಲ್ಲಿ, ಬೆನ್ನು ತಿರುಗಿಸಿಕೊಂಡೇ, ಆ ಕೂಗನ್ನು ಕೇಳಿತ್ತು. ಆ ಸಾಲನ್ನು ತೆರೆದಳು. ಅಲೆಗಳ ತಲೆಗಳೆಲ್ಲ ದುಂಡಗೆ ಇದ್ದವು. ಒಂದೂ ಒಡೆದಿರಲಿಲ್ಲ. ಅತ್ತೆ ಅಲ್ಲಿದ್ದರು, ಸ್ವಲ್ಪ ದೂರದಲ್ಲಿ, ಕೋಣೆಯ ಕಂಬಳಿಯ ವಾಸನೆ ಹತ್ತಿದಂತೆ, ಆದರೆ ಪೂರ್ತಿಯಾಗಿ.

'ದಾಟ' ಹತ್ತಿರದ ಮೈಕಿನದು, 'ಬೇ' ದೂರದ್ದು, 'ಡಾ' ಮತ್ತೆ ಹತ್ತಿರದ್ದು. ಜೋಡಿಸಿ ಕೇಳಿದಳು. ಸರಿಯಾಗಿ 'ಬೇ' ಎಂಬುದರ ಎದೆಯ ಮೇಲೆ ಬರ್ ಬರ್ ಎಂಬ ಇನ್ನೊಂದು ಸದ್ದು ಕೂತಿತ್ತು.

ಬಾಗಿಲು ತೆರೆದು ಅಂಚೆಯವನನ್ನು ಒಳಗೆ ಕರೆದಳು. "ಅಮ್ಮ ಕೂಗಿದಾಗ ನಿನ್ನ ಕೈಲಿ ಏನಿತ್ತು?"

ಅವನು ಕಿಸೆಯಿಂದ ತನ್ನ ಹಾಳೆ ತೆಗೆದ. ಅದು ಉಂಡೆಯಾಗಿತ್ತು. "ಹೆದರಿ ಮುದುಡಿಬಿಟ್ಟೆ ಅಕ್ಕಾ. ಬಂದಿದೆಯಾ ಅದು?"

"ನೀನು ಬಂದಿಲ್ಲ, ನಿನ್ನ ಹಾಳೆ ಬಂದಿದೆ."

"ಇಪ್ಪತ್ತು ವರ್ಷ ಕಾಗದದ ಜತೆ ಕೆಲಸ ಮಾಡಿದ್ದಕ್ಕೆ ಅದಕ್ಕೇ ಪಾತ್ರ ಸಿಕ್ತು ನೋಡಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. "ಒಳಗೆ ಹೋಗಿ ಅದೇ ಹಾಳೇನ ಬಿಡಿಸಿ ಮತ್ತೆ ಮುದುಡು. ನಾಲ್ಕೈದು ಸಲ. ಅದೇ ಮೈಕಿನ ಮುಂದೆ. ಅದರ ಸದ್ದು ಬೇರೆಯಾಗಿ ಸಿಕ್ಕಿದ್ರೆ ಯಾವುದು ಹಾಳೆ, ಯಾವುದು ಅಮ್ಮ ಅಂತ ನಂಗೆ ಕಾಣತ್ತೆ. ಬಾಯಿ ಬಿಡ್ಬೇಡ."

ಅವನು ಒಳಗೆ ಹೋಗಿ, ಗಂಭೀರವಾಗಿ ಹಾಳೆ ಬಿಡಿಸಿ, ಮುದುಡಿ, ಬಿಡಿಸಿ, ಮುದುಡಿದ. ಕೂಗಿನ ಪರದೆಯ ಪಕ್ಕದಲ್ಲಿ ಅದನ್ನು ಇಟ್ಟು ಮೆಲ್ಲಕ್ಕ ಹೋಲಿಸಿದಳು. ಹಾಳೆಯ ಸದ್ದು ಮೇಲುಭಾಗದಲ್ಲಿ ಬಿಳಿ ಪುಡಿ ಉದುರಿದ ಹಾಗೆ ಕಾಣುತ್ತಿತ್ತು. ಅತ್ತೆಯ ಧ್ವನಿ ಅದರ ಕೆಳಗೆ ಸಾಲುಸಾಲು ಗೆರೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಕಣ ಗುರುತಿಸಿ ತೆಗೆಯತೊಡಗಿದಳು. ಒಂದು ಕಣ ಹೆಚ್ಚು ತೆಗೆದರೆ ಕೂಗಿನ ತುದಿ ಮೊಂಡಾಗುತ್ತಿತ್ತು. ವಾಪಸು ಹಾಕಿ ಮತ್ತೆ ಆರಿಸಬೇಕು. ಗಡಿಯಾರ ನೋಡಬಾರದೆಂದುಕೊಂಡೂ ನೋಡಿದಳು. ಮೂರೂ ಇಪ್ಪತ್ತೈದು. ಮೂರೂ ಮೂವತ್ತೆಂಟು.

ತಲೆಯೆತ್ತಿದಾಗ ಅತ್ತೆ ಬಾಗಿಲ ಗಾಜಿನಲ್ಲಿದ್ದರು. ಎಷ್ಟು ಹೊತ್ತಿನಿಂದಲೋ. ಅವರು ನೋಡುತ್ತಿದ್ದುದು ಮೆಲ್ಲಕ್ಕನನ್ನಲ್ಲ. ಆಚೆಯ ಗಾಜಿನ ಒಳಗೆ, ಸಾಕು ಎನ್ನಲು ಯಾರೂ ಇಲ್ಲದೆ ಇನ್ನೂ ಹಾಳೆ ಮುದುಡುತ್ತಲೇ ನಿಂತಿದ್ದ ಅಂಚೆಯವನನ್ನು.

ನಲವತ್ತು ವರ್ಷ ಮೈಕಿನ ಮುಂದೆ ನಿಂತವರಿಗೆ ಅದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ದೂರದ ಮೈಕು ಯಾಕೆ ಬೇಕಾಯಿತು? ಹತ್ತಿರದ್ದು ಕೆಟ್ಟಿದ್ದರಿಂದ.

ಹಾಳೆ ಗಾಜಿಗೆ ಬಂತು. ಒಂದೇ ಪದ: ಒಡೀತಾ?

ಮೆಲ್ಲಕ್ಕ ತಲೆಯಲ್ಲಾಡಿಸಿದಳು. ಇಲ್ಲ.

ಅತ್ತೆಗೆ ಅವಳು ಹೇಳಿದ ಮೊದಲ ಸುಳ್ಳೇನಲ್ಲ ಅದು. ಉಪ್ಪು ಕಡಿಮೆಯಾಗಿಲ್ಲ, ಸೀರೆ ಒಪ್ಪುತ್ತದೆ ಎಂದೆಲ್ಲ ಹೇಳಿದ್ದಾಳೆ. ಸದ್ದಿನ ವಿಷಯದಲ್ಲಿ ಹೇಳಿದ್ದು ಇದೇ ಮೊದಲು. ಅತ್ತೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು. ಪೆನ್ಸಿಲಿನ ಜೊತೆ ಅದನ್ನು ಬೆಂಚಿನ ಮೇಲಿಟ್ಟರು.

*

ಅಂಚೆಯವನನ್ನು ಮನೆಗೆ ಕಳಿಸಿಯಾಗಿತ್ತು. ನಾಲ್ಕಕ್ಕೆ ನಿರ್ದೇಶಕರು ಬಂದರು. ಅವರ ಹಿಂದೆಯೇ ಅತ್ತೆಯೂ ಒಳಬಂದು ಗೋಡೆಗೆ ಒರಗಿ ನಿಂತರು. ದೊಡ್ಡ ಸ್ಪೀಕರ್ ಹಾಕಬೇಕಾಯಿತು.

ದಾಟಬೇಡಾ.

ಸೀಳಿರಲಿಲ್ಲ. ಹಾಳೆಯಿರಲಿಲ್ಲ. ಆದರೂ ಅದರಲ್ಲಿ ಏನೋ ಒಂದು ಇತ್ತು, ಮೆಲ್ಲಕ್ಕನಿಗೆ ಗೊತ್ತಿದ್ದ ಏನೋ ಒಂದು. ನಿರ್ದೇಶಕರು ಇನ್ನೊಮ್ಮೆ ಹಾಕಿಸಿದರು. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದರು.

"ಮಧ್ಯದಲ್ಲಿ ಅಮ್ಮ ಒಂಚೂರು ಹಿಂದಕ್ಕೆ ಹೋಗ್ತಾರಲ್ಲ? ಹೋಗಿ ವಾಪಸ್ ಬರ್ತಾರೆ. ಸುಮಾರಾಗಿದೆ ಅಂತಲ್ಲ... ಮಧ್ಯಾಹ್ನ ಕೇಳಿದ್ದು ಬೇರೆ ಥರ ಇತ್ತು." ಅವರು ಕೆಟ್ಟ ಮನುಷ್ಯರಲ್ಲ. ಕೆಲಸದಲ್ಲಿ ಮುಳುಗಿದವರಿಗೆ ಬರುವ ಮರೆವು ಅವರಿಗೂ ಬಂದಿತ್ತು. ಆ ಕಸುಬಿನವರೆಲ್ಲ ದಿನಕ್ಕೆ ನೂರು ಸಲ ಆಡುವ ಮಾತನ್ನು ಅವರೂ ಆಡಿದರು: "ಇನ್ನೊಂದೇ ಸಲ. ಅಮ್ಮ ಇಲ್ಲೇ ಇದಾರಲ್ಲ."

ಇನ್ನೊಂದು ಸಲ ಎಂದರೆ ರೆಕಾರ್ಡಿಸ್ಟ್ ಗುಂಡಿ ಒತ್ತಬೇಕು. ಕೇಳಿದವರಿಗೆಲ್ಲ ಒತ್ತಿದ್ದಾಳೆ, ಹತ್ತೊಂಬತ್ತು ವರ್ಷ. ಇಲ್ಲ ಎನ್ನುವುದು ಅವಳ ಕೆಲಸದಲ್ಲಿ ಇರಲೇ ಇಲ್ಲ.

ಅತ್ತೆ ಆಗಲೇ ಒಳಬಾಗಿಲ ಹಿಡಿಗೆ ಕೈಹಾಕಿದ್ದರು.

"ಒಡೀತು," ಅಂದಳು ಮೆಲ್ಲಕ್ಕ.

ಇಬ್ಬರೂ ತಿರುಗಿದರು.

"ಅಮ್ಮ ಎಲ್ಲೂ ಹೋಗ್ಲಿಲ್ಲ ಸರ್. ನಿಂತಲ್ಲೇ ನಿಂತಿದ್ರು. ನಾನೇ ಗುಂಡೀನ ಚುಕ್ಕೆಗಿಂತ ಮೇಲೆ ಇಟ್ಟೆ. ಹತ್ತಿರದ ಮೈಕಿಂದು ಮಧ್ಯ ಪೂರ್ತಿ ಒಡೆದೋಗಿದೆ. ಇದು ಅಂಚೆಯವನ ಮೈಕಿಂದು." ಅವಳು ಅತ್ತೆಯ ಕಡೆ ತಿರುಗಿದಳು. "ನಿಮ್ಮ ಧ್ವನಿ ಇಳಿದಿದೆ ಅಂದ್ಕೊಂಡೆ ಅತ್ತೆ. ಇಷ್ಟೇ ಬರತ್ತೆ ಅಂದ್ಕೊಂಡೆ."

ಅತ್ತೆಯ ಹುಬ್ಬು ಮೇಲೇರಿತು. ಹಾಳೆ, ಪೆನ್ಸಿಲು ಎರಡೂ ಬೆಂಚಿನ ಮೇಲೆ ಉಳಿದಿದ್ದವು. ಅವರು ಪೆಟ್ಟಿಗೆಯ ಕೆಂಪು ದೀಪವನ್ನು ತೋರಿಸಿ, ಬೆರಳುಗಳನ್ನು ಅರಳಿಸಿ, ಹೊತ್ತಿಕೊಂಡಿತೇ ಎಂದು ಕೇಳಿದರು.

"ಹೊತ್ಕೊಂಡಿದ್ದು ಆರ್ಲೇ ಇಲ್ಲ."

ಒಂದು ವಾರದಲ್ಲಿ ಮೊದಲ ಸಲ ಅತ್ತೆ ನಕ್ಕರು, ಹಲ್ಲು ಕಾಣುವ ಹಾಗೆ, ಸದ್ದಿಲ್ಲದೆ. ನಗುತ್ತಲೇ ಒಳಗೆ ಹೋಗಿ, ಹಿಂದಿನ ಪಟ್ಟಿಯ ಮೇಲೆ ನಿಂತು, ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು, ಗಾಜಿನ ಕಡೆ ಕೈಯಾಡಿಸಿದರು. ಹಚ್ಚು.

"ನೋಡಿ, ಅವರೇ ರೆಡಿ ಇದಾರೆ," ಅಂದರು ನಿರ್ದೇಶಕರು. ಅವರ ದನಿಯಲ್ಲೂ ಖಾತ್ರಿಯಿರಲಿಲ್ಲ.

ಮೆಲ್ಲಕ್ಕ ಕುರ್ಚಿಯಿಂದ ಎದ್ದಳು. ಗುಂಡಿಯ ಕಡೆ ಹೋಗಲಿಲ್ಲ. ಒಳಕೋಣೆಗೆ ಹೋಗಿ, ಅತ್ತೆಯ ಮುಂದಿನ ಮೈಕಿನ ತಿರುಪು ಸಡಿಲಿಸತೊಡಗಿದಳು. ಅತ್ತೆ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದರು. ವಯಸ್ಸಾದ ಕೈಯಾದರೂ ಬಿಗಿಯಾದ ಹಿಡಿತ. ಕಂಬಳಿಯ ಕೋಣೆಯಲ್ಲಿ ಸದ್ದೇ ಇಲ್ಲ. ಇಬ್ಬರ ಉಸಿರು ಮಾತ್ರ. ಅತ್ತೆಯ ಉಸಿರಿನ ತಳದಲ್ಲಿ ಸಣ್ಣದೊಂದು ಗರಗರ. ಈ ಮಧ್ಯಾಹ್ನದ ಮೊದಲು ಅದು ಇರಲಿಲ್ಲ. ಮೆಲ್ಲಕ್ಕನಿಗೆ ಹೆಡ್‌ಫೋನ್ ಇಲ್ಲದೆಯೂ ಅದು ಕೇಳಿಸಿತು.

"ತಪ್ಪು ಮಾಡಿದ್ದು ನನ್ನ ಕೈ ಅತ್ತೆ. ಅದಕ್ಕೆ ನಿಮ್ಮ ಗಂಟಲು ದಂಡ ಕಟ್ಟೋದು ಬೇಡ."

ಹಿಡಿತ ಸಡಿಲಾಗಲಿಲ್ಲ.

"ಕೂಗ್ತೀನಿ ಅಂದ್ರೆ ಕೂಗಿ. ತಡೆಯೋಕೆ ನನ್ನ ಕೈಲಿ ಆಗುತ್ತಾ? ಆದ್ರೆ ನಾನು ಹಿಡಿಯಲ್ಲ. ಮೈಕಿರಲ್ಲ, ನಾನಿರಲ್ಲ. ಬರೀ ಕಂಬಳಿಗೆ ಕೂಗಿ."

ಅತ್ತೆ ಅವಳನ್ನು ದಿಟ್ಟಿಸಿದರು. ಬೈಯಲು ಬಾಯಿ ತೆರೆದು, ನೆನಪಾಗಿ ಮುಚ್ಚಿಕೊಂಡರು. ಆಮೇಲೆ ಕೈ ಬಿಟ್ಟು, ಅದೇ ಕೈಯಿಂದ ಸೊಸೆಯ ತಲೆಯ ಹಿಂಬದಿಗೆ ಒಂದು ಸಣ್ಣ ಮೊಟಕು ಕೊಟ್ಟರು. ಮೊಟಕಿದ ಕೈ ಅಲ್ಲೇ ಒಂದು ಗಳಿಗೆ ನಿಂತಿತು. ಹೊರಕೋಣೆಗೆ ಬಂದು ಹೆಡ್‌ಫೋನ್ ಎತ್ತಿಕೊಂಡು ಕುರ್ಚಿಯಲ್ಲಿ ಕೂತು, ಪರದೆಯನ್ನು ಬೆರಳಿನಿಂದ ತಟ್ಟಿದರು. ಅವರು ತೋರಿಸಿದ್ದು ಜೋಡಿಸಿದ ಕೂಗನ್ನಲ್ಲ, ಒಡೆದದ್ದನ್ನು.

ಮೆಲ್ಲಕ್ಕ ಹಾಕಿದಳು. ಅತ್ತೆ ಎರಡು ಸಲ ಕೇಳಿದರು. ಸೀಳು ಬರುವ ಜಾಗದಲ್ಲಿ ಎರಡು ಸಲವೂ ತಲೆಯಾಡಿಸಿದರು, ತಮ್ಮದೇ ವಯಸ್ಸಿನ ಗೆಳತಿಯ ಗುಟ್ಟು ಕೇಳಿದವರ ಹಾಗೆ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ, ಯಾರನ್ನೂ ನೋಡದೆ ಮೆಟ್ಟಿಲ ಕಡೆ ನಡೆದರು.

ಮೈಕನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತುತ್ತಿದ್ದ ಮೆಲ್ಲಕ್ಕನಿಗೆ ನಿರ್ದೇಶಕರು ಅಡ್ಡ ಬಂದರು. "ಪ್ರಸಾರಕ್ಕೆ ಏನು ಕಳಿಸ್ಲಿ ಮೆಲ್ಲಕ್ಕ?"

"ಜೋಡಿಸಿದ್ದನ್ನೇ ಕಳಿಸಿ. ಯಾರಾದ್ರೂ ಕೇಳಿದ್ರೆ ರೆಕಾರ್ಡಿಸ್ಟ್ ತಪ್ಪು ಅನ್ನಿ, ನಾನೇ ಬರ್ಕೊಡ್ತೀನಿ. ಅಂಚೆಯವನ 'ಅಮ್ಮಾ' ನಾಳೆ ಹತ್ತಕ್ಕೆ ತಗೋತೀನಿ, ಅವನಿಗೆ ಬೇರೆ ಹಾಳೆ ಕೊಡಿ, ದಪ್ಪಂದು, ಮುದುಡದೇ ಇರೋದು. ಅಯ್ಯೋ, ಅತ್ತೆ ಬಳೆ ಓಲೆ ಎಲ್ಲ ನನ್ನ ಕರ್ಚೀಫಲ್ಲೇ ಇದೆ, ಬರಿಗಿವೀಲಿ ಬೀದಿಗಿಳಿದ್ರೆ ಅವರು ನಂಗೆ ನಾಡಿದ್ದಿನವರೆಗೂ ಲೋಟ ಕುಟ್ಟಿ ಕುಟ್ಟಿ," ಎನ್ನುತ್ತ ಅವಳು ಗಂಟನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದು ಹೋದಳು, ಮಾತಿನ ಉಳಿದರ್ಧ ಕೆಳಗಿನ ಬೀದಿಯ ಸದ್ದಿನಲ್ಲಿ ಮುಳುಗಿತು.